ಬೆಲ್ಲಕ್ಕೆ ಕಬ್ಬಿಣದ ಪಟ್ಟಿ ಕಟ್ಟಿದ ಮಾಳಪ್ಪ ಕಾಕಾ

ಮಾಳಪ್ಪ ಕಾಕಾ ನಮ್ಮ ಗೋದಾಮಿನಲ್ಲಿ ಸರಕಿಗೆ ಪಟ್ಟಿ ಕಟ್ಟುವ ಮೊದಲು ಎರಡೂ ಕೈ ಬೆನ್ನ ಹಿಂದೆ ಇಟ್ಟುಕೊಂಡು ಅದರ ಸುತ್ತ ಒಂದು ಸುತ್ತು ಬರುತ್ತಿದ್ದ. ತೂಕ ಅಂದಾಜು ಮಾಡುತ್ತಾನೆ, ಮೂಲೆ ಚೂಪಾಗಿದೆಯೋ ಏನೋ ನೋಡುತ್ತಾನೆ ಎಂದು ಹೊಸಬರು ತಿಳಿಯುತ್ತಿದ್ದರು. ಮೊದಮೊದಲು ನಾನೂ ಹಾಗೇ ತಿಳಿದು ಮೋಸಹೋದೆ. ಅವನು ನೋಡುತ್ತಿದ್ದದ್ದು ಸರಕಿನ ಯೋಗ್ಯತೆಯನ್ನು.

ನಮ್ಮ ಕಡೆ ಮದುವೆಯಲ್ಲಿ ಆಯೇರಿ ಮಾಡುವ ಪದ್ಧತಿ ಎಲ್ಲರಿಗೂ ಗೊತ್ತು. ಬೀಗರಿಗೆ ಪಟಗಾ ಸುತ್ತುತ್ತಾರೆ, ದೂರದ ನೆಂಟರಿಗೆ ಟೊಪಗಿ ಟವೆಲ್ ಕೊಟ್ಟು ಕೈಮುಗಿಯುತ್ತಾರೆ. ಕಾಕಾ ಇದೇ ಲೆಕ್ಕವನ್ನು ಗೋದಾಮಿಗೆ ತಂದಿದ್ದ. ಅವನ ಮಟ್ಟಿಗೆ ಕಬ್ಬಿಣದ ಪಟ್ಟಿ ಪಟಗಾ, ಪ್ಲಾಸ್ಟಿಕ್ ಪಟ್ಟಿ ಟೊಪಗಿ. ದೊಡ್ಡ ಸರಕಿಗೆ ದೊಡ್ಡ ಮರ್ಯಾದೆ, ಸಣ್ಣದಕ್ಕೆ ಸಣ್ಣದು. ಯಾವ ಸರಕು ದೊಡ್ಡದು ಅನ್ನುವುದನ್ನು ಅವನೇ ತೀರ್ಮಾನಿಸುತ್ತಿದ್ದ.

ಬನಹಟ್ಟಿಯ ಹೊರಗೆ ರಸ್ತೆಗೆ ಹೊಂದಿಕೊಂಡ ಒಂದು ಟ್ರಾನ್ಸ್‌ಪೋರ್ಟ್ ಗೋದಾಮಿನ ಉಸ್ತುವಾರಿ ನನ್ನದು. ಮಹಾಲಿಂಗಪುರದಿಂದ ರಟ್ಟಿನ ಡಬ್ಬಿಗಳಲ್ಲಿ ಬೆಲ್ಲ ಬರುತ್ತದೆ, ಊರಿನ ಮಗ್ಗಗಳಿಂದ ಬಟ್ಟೆಯ ಗಂಟುಗಳು ಬರುತ್ತವೆ, ಆಗಾಗ ಮಾರಾಟವಾದ ಹಳೆಯ ಪಾವರ್‌ಲೂಮಿನ ಭಾರದ ಬೀಡುಗಳೂ, ಅಂದರೆ ಎರಕದ ಕಬ್ಬಿಣದ ಚೌಕಟ್ಟುಗಳೂ ಬರುತ್ತವೆ. ಎಲ್ಲವನ್ನೂ ಕಟ್ಟಿಗೆಯ ಪ್ಯಾಲೆಟ್ಟಿನ ಮೇಲೆ ಇಟ್ಟು, ಪಟ್ಟಿ ಬಿಗಿದು, ಲಾರಿಗೆ ಹೇರಿ ಕಳಿಸಬೇಕು. ಬಟ್ಟೆಗೆ ಪ್ಲಾಸ್ಟಿಕ್ ಪಟ್ಟಿ ಸಾಕು. ಬೆಲ್ಲಕ್ಕೆ ಹಸಿರು ಬಣ್ಣದ ಪಾಲಿಯೆಸ್ಟರ್ ಪಟ್ಟಿ ಬೇಕು, ಬಿಸಿಲಿಗೆ ಡಬ್ಬಿ ಕುಗ್ಗಿದರೆ ಅದೂ ಜೊತೆಗೆ ಕುಗ್ಗಿ ಹಿಡಿದುಕೊಂಡಿರುತ್ತದೆ. ಮಗ್ಗದ ಬೀಡಿಗೆ ಕಬ್ಬಿಣದ ಪಟ್ಟಿ, ಮೇಲೆ ಲಾರಿಗೆ ಸೇರಿಸಿ ಸರಪಳಿ. ಇಷ್ಟೇ ವಿದ್ಯೆ. ಇದನ್ನು ಕಾಕಾನಿಗೆ ಹೇಳಿ ಹೇಳಿ ನನ್ನ ಬಾಯಿ ಒಣಗಿತು.

ಒಂದು ಬೇಸಿಗೆಯಲ್ಲಿ ಹೋದ ಬೆಲ್ಲವೆಲ್ಲ ಹಾಗೇ ವಾಪಸು ಬಂತು. ಡಬ್ಬಿಗಳ ಅಂಚು ಸೀಳಿ, ಕಬ್ಬಿಣದ ಪಟ್ಟಿ ಮೆತ್ತಗಾದ ಬೆಲ್ಲದ ಪೆಂಟಿಗಳೊಳಗೆ ಕೂತಿತ್ತು. ಸುತ್ತ ಜಂಗಿನ ಕಲೆ, ಮೇಲೆ ನೊಣ. ಕೈಯಲ್ಲಿ ಒಂದು ಹರಿದ ಡಬ್ಬಿ ಹಿಡಿದು ಕಾಕಾನ ಮುಂದೆ ನಿಂತೆ.

"ಕಾಕಾ, ಹಸಿರು ಪಟ್ಟಿ ಹಾಕ್ರಿ ಅಂದಿದ್ನಿಲ್ಲೋ?"

"ಬೆಲ್ಲ ಅಂದ್ರ ಏನ್ ತಂಗಿ? ದೇವರಿಗೆ ಎಡಿ ಹಿಡಿಯೂದು. ಅದಕ್ಕ ಪ್ಲಾಸ್ಟಿಕ್ ಸುತ್ತಿ ಕಳಸೂದು ಮರ್ಯಾದಿ ಅಲ್ಲ."

"ಮರ್ಯಾದಿ ಮಾಡಿದ್ದಕ್ಕ ಬೆಲ್ಲ ಎಲ್ಲಾ ಹಾಳಾತಲ್ರಿ!"

"ಹಾದಿ ಛಲೋ ಇಲ್ಲ. ಅದಕ್ಕ ಪಟ್ಟಿ ಏನ್ ಮಾಡ್ತೈತಿ?"

ಹಾದಿಯ ಮೇಲೆ ಹಾಕಿ ಕೈತೊಳೆದುಕೊಂಡ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಕಾಕಾನ ಮೊಲಕ್ಕೆ ಕಾಲೇ ಇರಲಿಲ್ಲ, ಆದರೂ ಓಡುತ್ತದೆ ಅನ್ನುತ್ತಿದ್ದ. ಅವನನ್ನು ಬಿಡಿಸಿ ಬೇರೆಯವರನ್ನು ಇಟ್ಟುಕೊಳ್ಳಬಹುದಿತ್ತು, ನಿಜ. ಆದರೆ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ಬಾಗಿಲಿಗೆ ಬೀರದೇವರ ಭಂಡಾರದ ಅರಿಶಿನ ಹಚ್ಚಿ, ಹಮಾಲರಿಗೆಲ್ಲ ತನ್ನ ಬುತ್ತಿಯ ಖಾರಬ್ಯಾಳಿ ಹಂಚುವ ಮುದುಕನನ್ನು ಮನೆಗೆ ಕಳಿಸಲು ನನ್ನಿಂದ ಆಗಲಿಲ್ಲ. ಅದಕ್ಕೇ ಕಬ್ಬಿಣದ ಪಟ್ಟಿಯ ಸುರುಳಿಯನ್ನೇ ಕೋಣೆಯೊಳಗಿಟ್ಟು ಕೀಲಿ ಹಾಕಿದೆ. ಬೀಡು ಬಂದಾಗ ಕೇಳಿ ತೆಗೆದುಕೊಳ್ಳಲಿ ಎಂದು.

ಅವನು ಕೇಳಲಿಲ್ಲ. ಬೀಳಗಿಯ ಕಡೆ ಹೋಗುವ ಒಂದು ಮಗ್ಗದ ಚೌಕಟ್ಟು ಬಂದ ದಿನ ನಾನು ಜಮಖಂಡಿಗೆ ಹೋಗಿದ್ದೆ. ಕೀಲಿಯನ್ನು ಗುಮಾಸ್ತನ ಹತ್ತಿರ ಕೊಟ್ಟಿದ್ದೆ. ಕಾಕಾ ಎಂದಿನಂತೆ ಚೌಕಟ್ಟಿನ ಸುತ್ತ ಒಂದು ಸುತ್ತು ಬಂದನಂತೆ. ಹಳೆಯ ಜಂಗು ಹಿಡಿದ ಬೀಡು ಅವನ ಕಣ್ಣಿಗೆ ಬಡ ನೆಂಟನಂತೆ ಕಂಡಿರಬೇಕು. ಕೈಗೆ ಸಿಕ್ಕ ಪ್ಲಾಸ್ಟಿಕ್ ಪಟ್ಟಿಯನ್ನೇ ಬಿಗಿದು, ಮೇಲೊಂದು ಹಗ್ಗ ಹಾಕಿ ಲಾರಿ ಹೊರಡಿಸಿದ.

ಲಾರಿ ನಡೆಸುತ್ತಿದ್ದವನು ದಸ್ತಗೀರ. ಬೀಳಗಿಯ ಹತ್ತಿರದ ಇಳಿಜಾರಿನ ತಿರುವಿನಲ್ಲಿ ಎಮ್ಮೆ ಅಡ್ಡ ಬಂದವೆಂದು ಬ್ರೇಕ್ ಒತ್ತಿದ್ದಾನೆ. ಮೊದಲೇ ಜಗ್ಗಿ ಸಡಿಲಾಗಿದ್ದ ಪಟ್ಟಿ ಹರಿದು, ಹಗ್ಗವೂ ಹರಿದು, ಚೌಕಟ್ಟು ಮುಂದೆ ಸರಿದು ಕ್ಯಾಬಿನ್ನಿನ ಹಿಂಬದಿಗೆ ಗುದ್ದಿದೆ. ತಗಡು ಒಳಗೆ ಉಬ್ಬಿ ದಸ್ತಗೀರನ ತಲೆಯ ಹಿಂದೆ ಗೇಣಿಗಿಂತ ಕಡಿಮೆ ಜಾಗ ಉಳಿದಿತ್ತು. ಮೈಗೆ ಏನೂ ಆಗಲಿಲ್ಲ. ವಾಪಸು ಬಂದು ಗೋದಾಮಿನ ಕಟ್ಟೆಯ ಮೇಲೆ ಕೂತ.

"ಅಕ್ಕಾರ, ಮನ್ಯಾಗ ಮೂರ ಮಕ್ಕಳ ಅದಾವ. ಇನ್ನ ಈ ಕಾಕಾ ಕಟ್ಟಿದ ಗಾಡಿ ನಾ ಒಯ್ಯಾಂಗಿಲ್ರಿ," ಎಂದ.

ಆವತ್ತು ಕಾಕಾನನ್ನು ನಾನು ಬಾಯಿಗೆ ಬಂದಂತೆ ಬೈದೆ. ವಯಸ್ಸು ನೋಡಲಿಲ್ಲ. ಅವನು ಹಾದಿಯ ಮಾತು ಎತ್ತಲಿಲ್ಲ, ಎಮ್ಮೆಯ ಮಾತೂ ಎತ್ತಲಿಲ್ಲ. ಉಬ್ಬಿದ ತಗಡನ್ನು ಅಂಗೈಯಿಂದ ಸವರಿ ಬಂದು ದಸ್ತಗೀರನ ಮುಂದೆ ನಿಂತ.

"ಲೇ ದಸ್ತಗೀರ, ಬೀಡು ಹೇರಿದಾಗ ನಾನೂ ನಿನ್ನ ಬಾಜೂಕ ಕೂಡ್ತೀನಿ. ಬಂದ್ರ ಇಬ್ಬರ ಮ್ಯಾಲೂ ಬರ್ಲಿ."

ಇನ್ನು ಪಟ್ಟಿ ಸರಿಯಾಗಿ ಕಟ್ಟುತ್ತೇನೆ ಎಂಬ ಒಂದು ಮಾತು ಬೇಕಿತ್ತು ನನಗೆ. ಅದನ್ನು ಬಿಟ್ಟು ತನ್ನನ್ನೇ ಜಾಮೀನು ಇಟ್ಟ. ಇಂಥ ಪರಿಹಾರ ಇವನಿಗಲ್ಲದೆ ಯಾರಿಗೆ ಹೊಳೆಯಬೇಕು! ಅಂದಿನಿಂದ ಬೀಡು ಕಟ್ಟುವಾಗ ನಾನೇ ನಿಂತು ಕಬ್ಬಿಣದ ಪಟ್ಟಿ ಹಾಕಿಸಿದೆ, ಮೂಲೆಗೆ ರಟ್ಟು ಕೊಡಿಸಿದೆ, ಸರಪಳಿ ಬಿಗಿಸಿದೆ. ಕೂತು ಹೋಗುವ ಅವಶ್ಯಕತೆಯೇ ಇರಲಿಲ್ಲ. ಆದರೂ ಲಾರಿ ಚಾಲೂ ಆದ ಕೂಡಲೇ ಕಾಕಾ ಮೊಣಕಾಲು ಹಿಡಿದುಕೊಂಡು ನರಳುತ್ತ ಎಡಗಡೆಯ ಬಾಗಿಲು ಹತ್ತುತ್ತಿದ್ದ. ಇಲ್ಲಿ ಬಟ್ಟೆಯ ಗಂಟುಗಳು ಕಟ್ಟುವವರಿಲ್ಲದೆ ಬಿದ್ದಿರುತ್ತಿದ್ದವು. ಅವನು ಮರುದಿನ ಬಸ್ಸಿನಲ್ಲಿ ಸೊಂಟ ಹಿಡಿದುಕೊಂಡು ವಾಪಸು ಬರುತ್ತಿದ್ದ.

"ಕಾಕಾ, ಈಗ ಪಟ್ಟಿ ಬರೋಬ್ಬರಿ ಐತಿ. ಎದಕ್ಕ ಹೋಗ್ತೀರಿ?"

"ಪಟ್ಟಿ ಬರೋಬ್ಬರಿ ಐತಿ ಅಂತ ನನಗ ಗೊತ್ತೈತಿ, ನಿನಗ ಗೊತ್ತೈತಿ. ಅಂವನ ಬೆನ್ನಿಗೆ ಗೊತ್ತಾಗಬೇಕಲ್ಲ ತಂಗಿ."

"ನಿಮಗ ಅಂಜಿಕಿ ಬರಾಂಗಿಲ್ಲೇನ್ರಿ?"

"ಅಂಜಿಕಿ? ನನಗ? ನಾ ನಿದ್ದಿ ಮಾಡ್ಕೋತ ಹೋಗಾಂವ!"

ಇತ್ತ ನಾನು ಹೇರಿದ ಬೀಡಿನ ಸರಪಳಿ ನೋಡುತ್ತ ನಿಂತಾಗ, ಅದಕ್ಕೆಂದು ಕೋಣೆಯಿಂದ ತೆಗೆದ ಕಬ್ಬಿಣದ ಪಟ್ಟಿ ಅತ್ತ ಮತ್ತೆ ಬೆಲ್ಲಕ್ಕೆ ಬೀಳುತ್ತಿತ್ತು. ಬಿಚ್ಚಿಸುತ್ತಿದ್ದೆ. ಮತ್ತೆ ಕಟ್ಟುತ್ತಿದ್ದ. ಹೀಗೆ ಅವನೊಂದಿಗೆ ಜಗಳಾಡುತ್ತಲೇ ನನ್ನ ನೌಕರಿ ನಡೆಯಿತು.

ಕಳೆದ ಚಳಿಗಾಲದಲ್ಲಿ ಹಿಪ್ಪರಗಿಯ ತನ್ನ ಮನೆಯಲ್ಲಿ ಎರಡು ದಿನ ಜ್ವರದಲ್ಲಿ ಮಲಗಿ ಕಾಕಾ ತೀರಿಕೊಂಡ. ಮಣ್ಣಿಗೆ ನಾವೆಲ್ಲ ಹೋಗಿದ್ದೆವು. ದಸ್ತಗೀರ ದೂರ ನಿಂತಿದ್ದ.

ಅದಾದ ಮುಂದಿನ ವಾರವೇ ಬೀಳಗಿಗೆ ಹೋಗುವ ಬೀಡು ಬಂತು. ಪಟ್ಟಿ, ರಟ್ಟು, ಸರಪಳಿ ಎಲ್ಲವನ್ನೂ ಕೈಮುಟ್ಟಿ ನೋಡಿದೆ. ದಸ್ತಗೀರ ಲಾರಿ ಚಾಲೂ ಮಾಡಿದ, ಕೆಳಗಿಳಿದ, ಎಡಗಡೆಯ ಬಾಗಿಲು ತೆರೆದ, ಮುಚ್ಚಿದ.

"ಯಾಕೋ? ಕಟ್ಟಿದ್ದು ಸರಿ ಇಲ್ಲೇನು?"

"ಐತ್ರಿ ಅಕ್ಕಾರ. ನಾನೂ ನೋಡೇನಿ."

"ಮತ್ತ ನಡಿ."

"ಹೊಂಟ್ನಿರಿ," ಎಂದ. ನಿಂತಲ್ಲಿಯೇ ನಿಂತಿದ್ದ.

ನನಗೆ ಎಂಥ ಸಿಟ್ಟು ಬಂತೆಂದರೆ, ಸತ್ತ ಮುದುಕನನ್ನು ಎಬ್ಬಿಸಿ ಬೈಯಬೇಕೆನಿಸಿತು. ಪಟ್ಟಿಯಿಂದ ಆಗುವ ಕೆಲಸಕ್ಕೆ ಮನುಷ್ಯನನ್ನು ಕೂರಿಸುವ ರೂಢಿ ಮಾಡಿ ಹೋಗಿದ್ದ. ಗೋದಾಮು ನೋಡಿಕೊಳ್ಳಲು ಗುಮಾಸ್ತನಿಗೆ ಹೇಳಿ, ಸೀರೆಯ ನಿರಿಗೆ ಎತ್ತಿ ಹಿಡಿದು ಎಡಗಡೆಯ ಬಾಗಿಲಿನಿಂದ ನಾನೇ ಹತ್ತಿ ಕೂತೆ. ದಸ್ತಗೀರ ಲಾರಿ ಹೊರಡಿಸಿದ.

ಜಮಖಂಡಿ ದಾಟಿದೆವು. ಆ ಇಳಿಜಾರು ಬಂದಾಗ ಹಿಂದೆ ಬೀಡು ಕಿರ್ರೆಂದಿತು. ನಾನೇ ನಿಂತು ಬಿಗಿಸಿದ ಪಟ್ಟಿ, ಹರಿಯುವುದಿಲ್ಲ, ನನಗೆ ಚೆನ್ನಾಗಿ ಗೊತ್ತು. ಆದರೂ ಕತ್ತಿನ ಹಿಂದೆ ತಣ್ಣಗಾಗಿ, ಸೀಟಿನ ಅಂಚನ್ನು ಗಟ್ಟಿಯಾಗಿ ಹಿಡಿದು ಕಣ್ಣು ಮುಚ್ಚಿದೆ. ತಿರುವು ಕಳೆದ ಮೇಲೆ ದಸ್ತಗೀರ ಮೆಲ್ಲಗೆ ಹೇಳಿದ:

"ಕಣ್ಣ ತಗೀರಿ ಅಕ್ಕಾರ, ದಾಟಿದ್ವಿ. ಕಾಕಾನೂ ಇಲ್ಲಿ ಬಂದ್ರ ಹಿಂಗ ಅಂಜತಿದ್ದನ್ರಿ. ಪ್ರತಿ ಸಲ ನನ್ನ ಅಂಗಿ ಹಿಡಕೊಂಡ ಕೂಡತಿದ್ದನ್ರಿ."

ಅಂಜುತ್ತಿದ್ದನಂತೆ! ಪ್ರತಿ ಸಲ! ಅಷ್ಟು ಅಂಜುವವನು ಯಾಕೆ ಹತ್ತಬೇಕಿತ್ತು? ಬೀಳಗಿ ಮುಟ್ಟುವವರೆಗೂ ಬೈಗುಳ ಬಾಯಿಯಲ್ಲೇ ಇತ್ತು, ಬೈಸಿಕೊಳ್ಳಲು ಕಾಕಾ ಇರಲಿಲ್ಲ.