ಕುಂಡದಲ್ಲಿ ತಿಮರೆ

ತಿಮರೆಯನ್ನು ನೆಟ್ಟು ಬೆಳೆಸುತ್ತಿದ್ದೇನೆ ಎಂದರೆ ನಮ್ಮ ಕಡಬದ ಕಡೆಯವರು ನಗುತ್ತಾರೆ. ನಗಬೇಕಾದ್ದೇ. ನೀವು ಒಂದೆಲಗ ಎನ್ನುವ ಈ ಬಳ್ಳಿ ಯಾರ ಅಪ್ಪಣೆಗೂ ಕಾಯದೆ, ಬಚ್ಚಲು ನೀರು ಹರಿಯುವಲ್ಲಿ ತಾನಾಗಿ ಹಬ್ಬುವಂಥದ್ದು. ಗೆಣ್ಣಿಗೆ ಗೆಣ್ಣಿಗೆ ಬೇರು ಬಿಟ್ಟುಕೊಂಡು ವರ್ಷವಿಡೀ ನೆಲದ ಮೇಲೆ ತೆವಳುತ್ತಲೇ ಇರುತ್ತದೆ. ಅಂಥದ್ದನ್ನು ಅರವತ್ತರ ಹತ್ತಿರದ ಗಂಡಸೊಬ್ಬ ಕುಂಡದಲ್ಲಿಟ್ಟು, ಕನ್ನಡಕ ಏರಿಸಿ ದಿನಕ್ಕೆ ಮೂರು ಸಲ ಬಗ್ಗಿ ನೋಡುತ್ತಾನೆ.

ಹಿಂದೆ ನಮ್ಮ ಬಚ್ಚಲ ಹಿಂದೆ ಅಮ್ಮನ ತಿಮರೆ ಒಂದು ಚಾಪೆಯಷ್ಟಿತ್ತು. ನನ್ನ ಮಗಳ ನಿಶ್ಚಿತಾರ್ಥಕ್ಕೆ ಗಂಡಿನ ಕಡೆಯವರು ಬರುವವರಿದ್ದರು. ಅಂಗಳದ ಸುತ್ತ ಹುಲ್ಲು ಕಂಡರೆ ನಮಗೆ ಮರ್ಯಾದೆ ಹೋದಂತೆ. ರಬ್ಬರು ತೋಟಕ್ಕೆಂದು ಕಲಸಿದ, ಹುಲ್ಲು ಸಾಯಿಸುವ ಮದ್ದು ಪಂಪಿನಲ್ಲಿ ಸ್ವಲ್ಪ ಉಳಿದಿತ್ತು. ಚೆಲ್ಲಲು ಮನಸ್ಸು ಬಾರದೆ ಮನೆಯ ಸುತ್ತ ಒಂದು ಸುತ್ತು ಬಿಟ್ಟು ಬಂದೆ. ಬಚ್ಚಲ ಹಿಂದೆ ಬೇಡ ಎಂದು ಅಮ್ಮ ಮೊದಲೇ ಹೇಳಿದ್ದರು, ನಾನೂ ಹೂಂಗುಟ್ಟಿದ್ದೆ. ಬೆನ್ನಿಗೆ ಪಂಪು ಏರಿಸಿದ ಗಂಡಸಿಗೆ ಹೂಂಗುಟ್ಟಿದ್ದು ನೆನಪಿರುವುದಿಲ್ಲ. ವಾರದೊಳಗೆ ತಿಮರೆ ಹಳದಿಯಾಯಿತು, ಆಮೇಲೆ ಸುಟ್ಟೇಹೋಯಿತು. ಗಂಡಿನವರು ಬಂದರು, ಪಾಯಸ ಉಂಡರು, ಬಚ್ಚಲ ಹಿಂದಕ್ಕೆ ಒಬ್ಬರೂ ಹೋಗದೆ ಮರಳಿದರು. ಅಮ್ಮ ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಈಗ ಅಮ್ಮನಿಗೆ ಮರೆವು. ಮನೆಯವರ ಹೆಸರುಗಳು ಒಂದೊಂದಾಗಿ ಹೋದವು, ನನ್ನದೂ ಹೋಯಿತು. ತಿಮರೆ ತಿಂದರೆ ನೆನಪು ಚುರುಕಾಗುತ್ತದೆ ಎನ್ನುತ್ತಾರಲ್ಲ. ಇದೇ ಬ್ರಾಹ್ಮಿ ಎನ್ನುವ ಪಂಡಿತರಿದ್ದಾರೆ. ಅಲ್ಲ, ಬ್ರಾಹ್ಮಿಯೇ ಬೇರೆ ಎಂದು ಜಗಳಕ್ಕೆ ನಿಲ್ಲುವವರೂ ಇದ್ದಾರೆ. ನಾನು ಎರಡು ಪಕ್ಷವನ್ನೂ ಓದಿದೆ. ಹೋದದ್ದು ಬರುವುದಿಲ್ಲ ಎಂದು ಡಾಕ್ಟರು ಹೇಳಿದ ಮೇಲೆ ಮನುಷ್ಯ ಇಂಥದ್ದನ್ನೆಲ್ಲ ಶ್ರದ್ಧೆಯಿಂದ ಓದುತ್ತಾನೆ. ನನಗೆ ಬೇಕಾದದ್ದು ಹೆಚ್ಚೇನೂ ಅಲ್ಲ. ಅಮ್ಮ ಒಮ್ಮೆ ನನ್ನನ್ನು ಗುರುತು ಹಿಡಿದರೆ ಸಾಕಿತ್ತು.

ಪಂಜದ ಅಕ್ಕನ ಮನೆಯಿಂದ ನಾಲ್ಕು ಬೇರು ತಂದೆ. ಇದನ್ನಾದರೂ ಉಳಿಸು ಎಂಬ ಮುಖ ಮಾಡಿ ಅಕ್ಕ ಒದ್ದೆ ಪೇಪರಿನಲ್ಲಿ ಸುತ್ತಿ ಕೊಟ್ಟಳು. ಬಚ್ಚಲ ಹಿಂದೆ ಈಗ ಇಂಟರ್‌ಲಾಕ್ ಹಾಸಿದೆ, ಅದೂ ನನ್ನದೇ ಕಾರುಬಾರು. ಹಾಗಾಗಿ ಕುಂಡ. ಎಲೆ ಬಂದಾಗಲೆಲ್ಲ ತೆಂಗಿನಕಾಯಿ, ಗಾಂಧಾರಿ ಮೆಣಸು ಸೇರಿಸಿ ಚಟ್ನಿ ಮಾಡಿದೆವು. ಅಮ್ಮ ಬೇಡವೆನ್ನದೆ ತಿಂದರು.

ಮೊನ್ನೆ ಸಂಜೆ ಅಮ್ಮ ಕುಂಡದ ಬಳಿ ಕೂತು ಎಲೆ ಸವರುತ್ತಿದ್ದರು. ನಾನೂ ಹೋಗಿ ಪಕ್ಕದಲ್ಲಿ ಕೂತೆ. ಹುಟ್ಟಿದಂದಿನಿಂದ ನನ್ನೊಡನೆ ತುಳುವಲ್ಲದೆ ಬೇರೇನೂ ಆಡದ ಅಮ್ಮ, ಬ್ಯಾಂಕಿನವರ ಹತ್ತಿರ ಆಡುವ ಕನ್ನಡದಲ್ಲಿ ಮಾತು ತೆಗೆದರು.

"ನೀವು ನೆಟ್ಟದ್ದಾ? ಚಂದ ಉಂಟು. ಆದ್ರೆ ಇಲ್ಲಿ ಇಡ್ಬೇಡಿ ಮಾರಾಯ್ರೆ. ನನ್ನ ಮಗ ನೋಡಿದ್ರೆ ಮದ್ದು ಬಿಡ್ತಾನೆ. ಹೇಳಿದ್ರೆ ಕೇಳುದಿಲ್ಲ ಅವ."

ತಿಮರೆ ಕೆಲಸ ಮಾಡಿದೆ ಎಂದು ಅಕ್ಕನಿಗೆ ಫೋನು ಮಾಡಬಹುದಿತ್ತು. ಮಾಡಲಿಲ್ಲ.

"ಅವನಿಗೆ ಹೇಳುದಿಲ್ಲ," ಎಂದು ಕನ್ನಡದಲ್ಲೇ ಮಾತು ಕೊಟ್ಟೆ. ಅಮ್ಮ ತೋರಿಸಿದ ಕಡೆ, ಸೌದೆ ರಾಶಿಯ ಮರೆಗೆ, ಕುಂಡವನ್ನು ಎಳೆದಿಟ್ಟೆ. ಅಂದಿನಿಂದ ನನ್ನನ್ನು ಕಂಡರೆ ಅಮ್ಮನ ಮುಖ ಅರಳುತ್ತದೆ. ಮಗನಾಗಿದ್ದಾಗ ನನಗೆ ಇಷ್ಟು ಸಲಿಗೆ ಸಿಕ್ಕಿರಲಿಲ್ಲ. ದಿನಾ ಸಂಜೆ ಸೌದೆ ರಾಶಿಯ ಪಕ್ಕ ಕುರ್ಚಿ ಹಾಕಿಕೊಂಡು, ಆ ಮಗ ಬಂದುಬಿಟ್ಟಾನೆಂದು ಇಬ್ಬರೂ ಗೇಟಿನ ಕಡೆಗೇ ನೋಡುತ್ತ ಕೂತಿರುತ್ತೇವೆ.