ಬಸ್ಸು ಎತ್ತಿದವನ ಕಾಲ್ಬೆರಳು

ಹೋದ ತಿಂಗಳು ಒಂದು ಶಾಲೆಯ ರದ್ದಿ ಬಂತು. ಚೀಲ ಸುರುವಿದರೆ ಹಳೆಯ ಪರೀಕ್ಷೆಯ ಕಾಗದಗಳ ನಡುವೆ ಒಂದು ಶಾಯಿ ಬಾಟಲಿ. ಮುಚ್ಚಳ ಸಡಿಲಾಗಿ ಅರ್ಧ ಚೀಲ ಕಪ್ಪಾಗಿತ್ತು. ತಂದವನನ್ನು ಬೈಯಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ವಾಸನೆ ಮೂಗಿಗೆ ಬಂತು. ಸ್ವಲ್ಪ ಕರ್ಪೂರದ್ದು, ಸ್ವಲ್ಪ ಸುಟ್ಟ ಮಸಿಯದು. ಚಿತ್ರ ತೆಗೆಯುವವರ ಶಾಯಿ ಅದು. ನನ್ನ ಅಂಗಡಿಗೆ ಬರುತ್ತಿದ್ದ ಪೇಂಟರನ ಬೆರಳುಗಳು ಯಾವಾಗಲೂ ಹೀಗೇ ನಾರುತ್ತಿದ್ದವು. ಚಹಾದ ಕಪ್ಪು ಹಿಡಿದರೆ ಕಪ್ಪಿಗೂ ಅದೇ ವಾಸನೆ...

ನನ್ನ ರದ್ದಿ ಅಂಗಡಿ ಚಿಕ್ಕೋಡಿಯಲ್ಲಿ. ಗಂಡ ಹಾಕಿದ್ದು, ಅವನು ಹೋದ ಮೇಲೆ ನಾನು ನಡೆಸಿದ್ದು. ಆಗ ಕೊಲ್ಹಾಪುರ, ಇಚಲಕರಂಜಿ ಕಡೆಯಿಂದ ಬರುವ ಚೀಲಗಳಲ್ಲಿ ಮರಾಠಿ ಮತ್ತು ಹಿಂದಿ ಕಾಮಿಕ್ಸ್ ಪುಸ್ತಕ ಸಿಗುತ್ತಿದ್ದವು, ಬೆಳಗಾವಿ ಕಡೆಯ ಚೀಲಗಳಲ್ಲಿ ಕನ್ನಡದವು. ಹಾರುವವರು, ಗೋಡೆ ಒಡೆಯುವವರು, ಮುಖಕ್ಕೆ ಬಟ್ಟೆ ಕಟ್ಟಿಕೊಂಡವರು. ಅವನ್ನು ಉಳಿದ ರದ್ದಿಯ ಜೊತೆ ಹಾಕುತ್ತಿರಲಿಲ್ಲ. ಬೇರೆ ಕಟ್ಟಿ ಮುಂದೆ ಇಡುತ್ತಿದ್ದೆ. ಅವಕ್ಕೆ ಗಿರಾಕಿ ಇದ್ದರು.

ಖಾಯಂ ಗಿರಾಕಿ ಇಬ್ಬರು. ಇಬ್ಬರೂ ಮೀಸೆಯಲ್ಲಿ ಬಿಳಿಕೂದಲು ಕಂಡವರು. ಒಬ್ಬ ನಮ್ಮ ಓಣಿಗೆ ಟಪಾಲು ಕೊಡುವ ಪೋಸ್ಟಮನ್. ಇನ್ನೊಬ್ಬ ಈ ಪೇಂಟರ್, ಬೋರಗಾಂವದವ. ಅಂಗಡಿಯ ಬೋರ್ಡು, ಟ್ರ್ಯಾಕ್ಟರಿನ ಹಿಂದಿನ ಹಲಗೆ, ಶಾಲೆಯ ಗೋಡೆ, ಏನು ಕೊಟ್ಟರೂ ಬರೆಯುತ್ತಿದ್ದ. ಸಂತೆಯ ದಿನ ತಪ್ಪದೆ ಬರುವವ. ಇಬ್ಬರೂ ನಾನು ಕಟ್ಟಿಟ್ಟ ಗಂಟುಗಳ ಮೇಲೆ ಕೂತು ವಾದ ಹಚ್ಚುತ್ತಿದ್ದರು. ಯಾರು ಕೈಬೆರಳು ಸರಿಯಾಗಿ ತೆಗೆಯುತ್ತಾರೆ, ಯಾರು ತೆಗೆಯಲು ಬಾರದೆ ಎಲ್ಲರ ಕೈಯನ್ನೂ ಜೇಬಿಗೆ ತುರುಕುತ್ತಾರೆ, ಯಾರು ಒಂದೇ ಮುಖಕ್ಕೆ ಬೇರೆ ಬೇರೆ ಮೀಸೆ ಹಚ್ಚಿ ಹತ್ತು ಮಂದಿಯನ್ನು ಮಾಡುತ್ತಾರೆ. ಕಾಗದ ಯಾಕೆ ತೆಳುವಾಯಿತು, ಬಣ್ಣ ಯಾಕೆ ಗೆರೆ ದಾಟುತ್ತದೆ, ಎಲ್ಲರೂ ಟಿವಿ ನೋಡತೊಡಗಿದ ಮೇಲೆ ಇದನ್ನೆಲ್ಲ ಯಾರು ಕೊಳ್ಳುತ್ತಾರೆ. ಮನೆಯ ಸಂಸಾರದ ಬಗ್ಗೆ ಒಂದು ಮಾತಿಲ್ಲ. ನನಗೆ ಮೊದಮೊದಲು ಇವರಿಗೆ ಹುಚ್ಚು ಅನಿಸಿತ್ತು. ಆಮೇಲೆ ರೂಢಿಯಾಯಿತು.

ಪೇಂಟರ್ ತನ್ನದೇ ಒಂದು ಕಾಮಿಕ್ಸ್ ಬರೆಯುತ್ತಿದ್ದ. ಅದನ್ನು ಹೇಳಿದ್ದು ಬಹಳ ದಿನದ ಮೇಲೆ, ಕಳವಿನ ಮಾಲು ತೋರಿಸುವವನ ಹಾಗೆ ಅತ್ತಿತ್ತ ನೋಡಿ. ಅವನ ಹೀರೋ ಮಗ್ಗದಲ್ಲಿ ಕೆಲಸ ಮಾಡುವವ, ಕಷ್ಟ ಬಂದಾಗ ಹಾರುವವ. ಬೆನ್ನಿಗೆ ಒಂದು ಉದ್ದನೆಯ ಬಟ್ಟೆ ಕಟ್ಟಿದ್ದ.

"ಮಗ್ಗದಾಗ ಕೆಲಸ ಮಾಡಾಂವ ಈ ಅರಿವಿ ಕಟ್ಕೊಂಡ ನಿಂತ್ರ ಮಶೀನಿನ ಪಟ್ಟಾದಾಗ ಸಿಕ್ಕೊಂಡ ಸಾಯ್ತಾನ," ಅಂದೆ.

"ಅಕ್ಕಾರ, ಅರಿವಿ ಇಲ್ಲದ ಹೀರೋ ಅಂದ್ರ ಬಾಲ ಇಲ್ಲದ ಎತ್ತರೀ," ಅಂದ ಪೋಸ್ಟಮನ್.

ಪೇಂಟರ್ ಹಾಳೆ ಸುತ್ತಿ ಬಗಲಲ್ಲಿ ಇಟ್ಟುಕೊಂಡು ಹೋದ. ಮುಂದಿನ ಸಂತೆಗೆ ಬಂದಾಗ ಹೀರೋನ ಬೆನ್ನಿನ ಬಟ್ಟೆ ಸೊಂಟಕ್ಕೆ ಬಿಗಿದ ಟವೆಲ್ ಆಗಿತ್ತು.

ಅಂದಿನಿಂದ ಅವನು ನನಗೆ ಹಾಳೆ ತೋರಿಸಲು ಶುರು ಮಾಡಿದ. ನಾನು ಎರಡನೇ ಇಯತ್ತೆಗೆ ಶಾಲೆ ಬಿಟ್ಟವಳು. ಒತ್ತಕ್ಷರ ಕಲಿತದ್ದು ಆಮೇಲೆ, ರದ್ದಿ ಪೇಪರಿನ ದೊಡ್ಡ ತಲೆಬರಹ ನೋಡಿ ನೋಡಿ. ಆಗ ಓದಲು ಬರುತ್ತಿರಲಿಲ್ಲ. ಹಾಗೇ ಹೇಳಿದೆ.

"ಓದೂದು ಏನೂ ಇಲ್ಲಕ್ಕಾ. ಮಾತಿನ ಗುಳ್ಳಿ ಎಲ್ಲಾ ಖಾಲಿ ಅದಾವ. ಚಿತ್ರ ನೋಡಿ ನೀ ನನಗ ಕತಿ ಹೇಳು," ಅಂದ.

ಗುಳ್ಳೆ ಖಾಲಿ ಬಿಟ್ಟಿದ್ದಕ್ಕೆ ಕಾರಣ ಇತ್ತು. ಮರಾಠಿ ತುಂಬಿದರೆ ಪುಸ್ತಕ ಕೊಲ್ಹಾಪುರದಲ್ಲಿ ನಡೆಯಬೇಕು, ಕನ್ನಡ ತುಂಬಿದರೆ ಅಥಣಿ, ರಾಯಬಾಗದಲ್ಲಿ ನಡೆಯಬೇಕು. ಮಾತು ಆಮೇಲೆ, ಚಿತ್ರ ನೋಡಿದರೇ ಕತೆ ತಿಳಿಯಬೇಕು ಎಂಬುದು ಅವನ ಹಟ. ಓದು ಬರುವವರು ಗುಳ್ಳೆ ಓದಿ ತಪ್ಪಿಸಿಕೊಳ್ಳುತ್ತಾರೆ, ನೀನು ತಪ್ಪಿಸಿಕೊಳ್ಳಲಾರೆ ಅನ್ನುತ್ತಿದ್ದ. ನಾನು ಗಂಟು ಕಟ್ಟುತ್ತ ಕತೆ ಹೇಳುತ್ತಿದ್ದೆ. ಎಲ್ಲಿ ತಡವರಿಸಿದೆನೋ ಆ ಚೌಕಕ್ಕೆ ಪೆನ್ಸಿಲಿನಿಂದ ಗುರುತು ಹಾಕಿಕೊಳ್ಳುತ್ತಿದ್ದ.

ಮೊದಲ ದಿನ ನಾನು ಎಡಗಡೆಯ ಚೌಕಗಳನ್ನು ಮೇಲಿಂದ ಕೆಳಗೆ ನೋಡಿ, ಆಮೇಲೆ ಬಲಗಡೆಗೆ ಬಂದೆ. ಕತೆ ತಲೆಕೆಳಗಾಯಿತು.

"ಅಕ್ಕಾರ, ಮುದುಕನ್ನ ಮದಲ ಮಣ್ಣ ಮಾಡಿ ಆಮ್ಯಾಲ ಹೊಳಿಗೆ ಕಳಿಸಿದ್ರಲ್ಲರೀ!" ಎಂದು ಪೋಸ್ಟಮನ್ ಹೊಟ್ಟೆ ಹಿಡಿದುಕೊಂಡು ನಕ್ಕ.

ಪೇಂಟರ್ ನಗಲಿಲ್ಲ. ಹಾಳೆ ಮನೆಗೆ ಒಯ್ದು ಮತ್ತೆ ಬರೆದು ತಂದ. ಈ ಸಲ ಹೊಳೆಯ ನೀರು ಒಂದು ಚೌಕದಿಂದ ಪಕ್ಕದ ಚೌಕಕ್ಕೆ ಹರಿದಿತ್ತು. ನೀರಿನ ಹಿಂದೆ ಕಣ್ಣು ತಾನೇ ಹೋಯಿತು. ಕತೆ ಸರಿಯಾಗಿ ಹೇಳಿದೆ.

ಪುಸ್ತಕದ ನಡುವೆ ಒಂದು ದೊಡ್ಡ ಹಾಳೆ. ಹೊಳೆ ಬಂದು ಸೇತುವೆ ಮುಳುಗಿದೆ, ಬಸ್ಸಿನಲ್ಲಿ ಜನ, ಹೀರೋ ಬಸ್ಸನ್ನು ಎತ್ತಿ ಹಿಡಿದಿದ್ದಾನೆ. ಪೇಂಟರ್ ಅದನ್ನು ಎರಡೂ ಕೈಯಲ್ಲಿ ಹಿಡಿದು ತೋರಿಸಿದ.

"ಇಂವ ಏನ ಹಿಡದ ನಿಂತಾನ, ಮಲ್ಲಿಗಿ ಹಾರ ಏನು?" ಅಂದೆ.

"ಬಸ್ ಅಕ್ಕಾ. ತುಂಬಿದ ಬಸ್."

"ತುಂಬಿದ ಬಸ್ ಎತ್ತಾಂವ ಹಿಂಗ ನಿಂದರ್ತಾನೇನೋ? ಬಾ ಇಲ್ಲೆ, ಈ ಗಂಟ ಎತ್ತು."

ಪೇಪರಿನ ಗಂಟು, ನಲವತ್ತು ಕಿಲೋದ್ದು. ನಗುತ್ತ ಎತ್ತಲು ಹೋದವನ ನಗು, ಗಂಟು ಮೊಣಕಾಲಿಗೆ ಬರುವಷ್ಟರಲ್ಲಿ ನಿಂತಿತು. ಕುಂಚ ಹಿಡಿದ ಕೈ. ಆಮೇಲೆ ನಾನು ಎತ್ತಿ ತೋರಿಸಿದೆ. "ಮಾರಿ ನೋಡಬ್ಯಾಡೋ, ಕಾಲ ನೋಡು," ಅಂದೆ. ಭಾರ ಎತ್ತುವವರ ಕಾಲ್ಬೆರಳು ಅಗಲವಾಗಿ ನೆಲ ಹಿಡಿಯುತ್ತವೆ. ಕುತ್ತಿಗೆ ಗಿಡ್ಡವಾಗುತ್ತದೆ. ಒಂದು ಮೊಣಕಾಲು ಹೊರಗೆ ಬಾಗುತ್ತದೆ. ಹೊತ್ತವರಿಗೆ ಗೊತ್ತು. ಅವನು ಅಲ್ಲೇ ಕೂತು ಬರೆಯತೊಡಗಿದ. ನನ್ನಿಂದ ಆರು ಸಲ ಗಂಟು ಎತ್ತಿಸಿದ. ಏಳನೆಯ ಸಲ ಬೈದು ಕಳಿಸಿದೆ.

ಮೂವತ್ತೆರಡು ಹಾಳೆಯನ್ನೂ ತಿರುಗಿ ಬರೆದ. ಒಂದು ವರ್ಷ ಹಿಡಿಯಿತು. ಈಗ ಹೀರೋ ಇಳಿದರೆ ನೆಲ ತಗ್ಗುತ್ತಿತ್ತು, ಎತ್ತಿದರೆ ನಮಗೇ ಸೊಂಟ ನೋಯುವಂತಿತ್ತು. ಒಂದು ಕಡೆಯೂ ನಾನು ತಡವರಿಸಲಿಲ್ಲ. ಅದೇ ವರ್ಷ ನಿಪ್ಪಾಣಿಯಲ್ಲಿ, ಆಮೇಲೆ ನಮ್ಮಲ್ಲಿ, ಫ್ಲೆಕ್ಸ್ ಮಶೀನು ಬಂದವು. ಬೋರ್ಡು ಬರೆಸುವವರು ಕಡಿಮೆಯಾದರು. ಒಂದು ದಿನ ತಾನಾಗಿಯೇ ಹೇಳಿದ: "ಇದೊಂದ ಪುಸ್ತಕ ಆದ್ರ ಕುಂಚ ಕೈಯಾಗ ಉಳಿತೈತಿ ಅಕ್ಕಾ. ಆಗಲಿಲ್ಲಂದ್ರ ಮಗ್ಗಕ್ಕ ಹೋಗ್ತೀನಿ." ಅಳುಮುಖ ಮಾಡಿ ಹೇಳಲಿಲ್ಲ. ನಾನೂ ಅಯ್ಯೋ ಅನ್ನಲಿಲ್ಲ.

ಕೊಲ್ಹಾಪುರ ಕಡೆಯ ಒಬ್ಬ ಪ್ರಕಾಶಕನಿಗೆ ತೋರಿಸಲು ಇಬ್ಬರೂ ಹೋದರು, ಪೋಸ್ಟಮನ್ ರಜೆ ಹಾಕಿ. ತಿರುಗಿ ಬಂದಾಗ ಮಾತಾಡಿದ್ದು ಪೋಸ್ಟಮನ್ ಒಬ್ಬನೇ. ಪ್ರಕಾಶಕನಿಗೆ ಕತೆ ಮನಸ್ಸಿಗೆ ಬಂದಿದೆ, ಹೊಳೆ ಮನಸ್ಸಿಗೆ ಬಂದಿದೆ, ಹೀರೋ ಬಂದಿಲ್ಲ. "ಇವ ಹಮಾಲನಂಗ ಕಾಣ್ತಾನ" ಅಂದನಂತೆ. ಪರದೇಶದವರ ಹಾಗೆ ಎದೆ ಅಗಲ, ಸೊಂಟ ಸಣ್ಣ, ನುಣುಪು ಮೈ ಮಾಡಿಕೊಟ್ಟರೆ ಮೊದಲು ಮರಾಠಿಯಲ್ಲಿ, ನಡೆದರೆ ಕನ್ನಡದಲ್ಲಿ ಹಾಕುತ್ತೇನೆ ಅಂದನಂತೆ.

"ಮಾಡಿ ಕೊಡೋ ಮಾರಾಯಾ. ಮದಲ ಒಂದ ಹೊರಗ ಬರ್ಲಿ," ಎಂದು ಪೋಸ್ಟಮನ್ ಹೇಳಿದ.

ಪೇಂಟರ್ ನನ್ನ ಕಡೆ ನೋಡಿದ. "ನೀ ಹೇಳಕ್ಕಾ. ನಿನ್ನ ಅಂಗಡಿಯಾಗ ಯಾವದು ಹೋಗ್ತೈತಿ?"

ನನಗೆ ಗೊತ್ತಿದ್ದದ್ದು ಹೇಳಿದೆ. ಇಷ್ಟು ವರ್ಷ ಆ ಗಂಟು ಬಿಚ್ಚಿ ಮಾರಿದವಳು. "ನುಣುಪ ಇದ್ದದ್ದನ್ನ ಮದಲ ಎತ್ಕೊಂತಾರ. ನಿನ್ನದನ್ನ ಯಾರೂ ಮುಟ್ಟೂದಿಲ್ಲ," ಅಂದೆ. ಸುಳ್ಳಲ್ಲ. ಅವನು ತಲೆ ಆಡಿಸಿದ.

ಹೊಸ ಹಾಳೆ ಕೊಳ್ಳುವ ಸ್ಥಿತಿ ಇರಲಿಲ್ಲವೋ, ಬೋರ್ಡು ಬರೆಯುವವರ ರೂಢಿಯೋ ತಿಳಿಯದು. ಅವೇ ಹಾಳೆಗಳ ಮೇಲೆ ಹೀರೋ ನಿಂತ ಜಾಗಕ್ಕೆ ಬಿಳಿ ಬಣ್ಣ ಬಳಿದು, ಒಣಗಿದ ಮೇಲೆ ಹೊಸ ಮನುಷ್ಯನನ್ನು ಬರೆದ. ಹಳೆಯ ಬೋರ್ಡಿಗೆ ಬಿಳಿ ಹೊಡೆದು ಹೊಸ ಹೆಸರು ಬರೆದಂತೆ. ಆ ದಿನಗಳಲ್ಲಿ ಅಂಗಡಿಗೆ ಬಂದರೂ ಹಾಳೆ ತರುತ್ತಿರಲಿಲ್ಲ. ನಾನೂ ಕೇಳಲಿಲ್ಲ.

ಪುಸ್ತಕ ಬಂತು. ಹೊಸ ಅಂಗಿ ಹಾಕಿಕೊಂಡು ಪೇಡೆಯ ಡಬ್ಬಿ ಹಿಡಿದು ಬಂದ. ಹಿಂದೆ ಪೋಸ್ಟಮನ್, ಮದುಮಗನ ಸೋದರಮಾವನ ಹಾಗೆ. ಮುಖಪುಟ ಮಿರಿಮಿರಿ ಮಿಂಚುತ್ತಿತ್ತು. ಪೇಂಟರನ ಹೆಸರು ಒಳಗೆ ಸಣ್ಣ ಅಕ್ಷರದಲ್ಲಿ ಇತ್ತಂತೆ, ಬೆರಳಿಟ್ಟು ತೋರಿಸಿದ. ಗುಳ್ಳೆಗಳಲ್ಲಿ ಮರಾಠಿ ತುಂಬಿದ್ದರು.

"ಕತಿ ಹೇಳಕ್ಕಾ," ಅಂದ.

ಹೇಳುತ್ತ ಹೋದೆ. ಮಗ್ಗ ಬಂತು, ಮಳೆ ಬಂತು, ಹೊಳೆ ಬಂತು. ಬಸ್ಸಿನ ಹಾಳೆಗೆ ಬಂದು ನಿಂತೆ. ಸೇತುವೆ ಇದೆ, ನೀರಿದೆ, ಬಸ್ಸಿದೆ, ಪಕ್ಕದಲ್ಲಿ ಒಬ್ಬ ಎದೆ ಉಬ್ಬಿಸಿದ ಮನುಷ್ಯ.

"ಇಂವ ಬಸ್ ಎತ್ತಾಕತ್ತಾನೋ, ಬಸ್ಸಿಗೆ ಒರಗಿ ನಿಂತಾನೋ?" ಅಂದೆ.

ಪೋಸ್ಟಮನ್ ಕೆಮ್ಮಿದ. ಪೇಂಟರ್ ಬಗ್ಗಿ ಆ ಹಾಳೆಯನ್ನು ನೋಡಿದ, ತಾನು ಬರೆಯದೇ ಇದ್ದದ್ದನ್ನು ನೋಡುವವನ ಹಾಗೆ.

"ಬದಲ ಮಾಡಂತ ನೀನ ಹೇಳಿದಿ," ಅಂದ. ದನಿ ಏರಿಸಲಿಲ್ಲ.

"ಮಾರಾಕಂತ ಹೇಳಿನಿ. ಓದಾಕಂತ ಹೇಳಿಲ್ಲ."

ಅವನು ಪುಸ್ತಕ ಮುಚ್ಚಿದ. ಒಂದು ಪೇಡೆ ತೆಗೆದು ನನ್ನ ಕೈಗೆ ಕೊಟ್ಟ. ಚಹಾ ಬೇಡ ಅಂದ. ಹೋದ.

ಆ ಪುಸ್ತಕ ಚೆನ್ನಾಗಿಯೇ ಹೋಯಿತು. ನಾನು ಹೇಳಿದಂತೆ. ಪ್ರಕಾಶಕ ಎರಡನೆಯದನ್ನು ಕೇಳಿದ, ಕನ್ನಡದ್ದನ್ನೂ ಮಾಡೋಣ ಅಂದ. ಪೇಂಟರ್ ಹಮಾಲನಂತೆ ಕಾಣುವವನನ್ನೇ ಬರೆಯುತ್ತೇನೆ, ಇಲ್ಲವಾದರೆ ಇಲ್ಲ ಎಂದು ಹಟ ಹಿಡಿದನಂತೆ. ಮಾತು ಮುರಿಯಿತು. ಇದನ್ನೆಲ್ಲ ಪೋಸ್ಟಮನ್ ಹೇಳಿ ತಿಳಿದದ್ದು. ಪೇಂಟರ್ ಬೋರಗಾಂವದಲ್ಲೇ ಮಗ್ಗಕ್ಕೆ ಹೋಗತೊಡಗಿದ್ದ. ಸಂತೆಯ ದಿನ ಒಮ್ಮೊಮ್ಮೆ ಕಾಣುತ್ತಿದ್ದ. ನಿಂತು ಮಾತಾಡುತ್ತಿದ್ದ, ಸಿಟ್ಟೇನೂ ಇರಲಿಲ್ಲ. ಗಂಟಿನ ಮೇಲೆ ಮಾತ್ರ ಕೂರಲಿಲ್ಲ. ಕಿವಿಗೆ ಮಗ್ಗದ ಸದ್ದು ತುಂಬಿ ಜೋರಾಗಿ ಮಾತಾಡುವ ರೂಢಿಯಾಗಿತ್ತು. ಐದಾರು ವರ್ಷದ ಮೇಲೆ ಎದೆನೋವು ಬಂದು ಹೋದ... ಸುದ್ದಿ ತಂದದ್ದು ಪೋಸ್ಟಮನ್ನೇ. ಅವನು ನನ್ನ ಬಾಗಿಲಿಗೆ ತಂದ ಕಾಗದವಿಲ್ಲದ ಟಪಾಲು ಅದೊಂದೇ.

ಹಳೆಯ ಹೀರೋನ ಚಿತ್ರಗಳು ಎಲ್ಲೂ ಇಲ್ಲ. ಬಿಳಿ ಬಣ್ಣದ ಕೆಳಗೆ ಇದ್ದವು, ಆ ಹಾಳೆಗಳು ಪ್ರಕಾಶಕನ ಹತ್ತಿರವೇ ಉಳಿದವು, ಆ ಅಂಗಡಿಯೂ ಮುಚ್ಚಿದೆ. ಕಾಲ್ಬೆರಳು ನೆಲ ಹಿಡಿದ ಆ ಹೀರೋನನ್ನು ನೋಡಿದವರು ಪ್ರಕಾಶಕನನ್ನು ಬಿಟ್ಟರೆ ನಾನು, ಪೋಸ್ಟಮನ್ ಇಬ್ಬರೇ.

ಪೋಸ್ಟಮನ್ನಿಗೆ ಪಿನ್ಶನ್ ಆಗಿದೆ. ಈಗಲೂ ಬರುತ್ತಾನೆ. ಕಾಮಿಕ್ಸ್ ಕೊಳ್ಳುವುದಿಲ್ಲ, ಈಗ ಚೀಲದಲ್ಲಿ ಸಿಗುವುದೂ ಇಲ್ಲ. ಶಾಯಿ ಬಾಟಲಿ ಸಿಕ್ಕ ವಾರ ಬಂದಿದ್ದ. ನಾನು ಬಾಟಲಿಯ ಸುದ್ದಿ ಹೇಳಿದೆ. ಇಷ್ಟು ವರ್ಷ ಕೇಳದೇ ಇದ್ದದ್ದನ್ನು ಕೇಳಿದ.

"ಅಕ್ಕಾರ, ಅವತ್ತ ಅಂವ ಪೇಡೆ ತಂದಾಗ ಒಂದ ಸುಳ್ಳ ಹೇಳಿದ್ರ ಏನಾಗ್ತಿತ್ತರೀ?"

"ಅಂವಗ ಗೊತ್ತಾಗ್ತಿತ್ತು," ಅಂದೆ.

ಹೌದು ಅನ್ನುವಂತೆ ತಲೆ ಆಡಿಸಿ ಚಹಾ ಕುಡಿದು ಎದ್ದು ಹೋದ. ನಾನು ಕೊಟ್ಟ ಉತ್ತರ ಸರಿಯೇ. ಅವನಿಗೆ ಸುಳ್ಳು ಹೇಳಿ ದಕ್ಕಿಸಿಕೊಳ್ಳಲು ಆಗುತ್ತಿರಲಿಲ್ಲ. ಆದರೆ ಪೋಸ್ಟಮನ್ ಹೋದ ಮೇಲೆ ಹಗ್ಗ ಕೈಯಲ್ಲಿ ಹಿಡಿದು ಕೂತೆ, ಗಂಟು ಕಟ್ಟಲಾಗಲಿಲ್ಲ. ಅದೇ ಮಾತನ್ನು ಮರುದಿನ ಹೇಳಬಹುದಿತ್ತು. ಬಾಯಿ ಮುಚ್ಚಿ ಪೇಡೆ ತಿನ್ನಬಹುದಿತ್ತು. ಅದು ಅವನ ಮೊದಲ ಪುಸ್ತಕ. ಒಂದು ದಿನವಾದರೂ ಅದನ್ನು ಹಾಗೇ ಅವನ ಹತ್ತಿರ ಇರಲು ಬಿಡಬೇಕಿತ್ತು.