ಕೈ ತೆಗೆಯಬಾರದ ಆಟ

ಪಿರಿಯಾಪಟ್ಟಣಕ್ಕೆ ಬಂದ ಮೂರನೆಯ ದಿನ, ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಒಬ್ಬನ ಹೃದಯ ನಿಂತಿತ್ತು. ಅವನ ಎದೆ ಒತ್ತುತ್ತಿದ್ದ ನರ್ಸ್ ಒಬ್ಬರು ತಾವಾಗಿಯೇ ಕೈ ತೆಗೆದು, ಪಕ್ಕಕ್ಕೆ ಸರಿದು, ರೋಗಿಯ ಮಗನ ಕೈಗೆ ಸ್ಟೀಲ್ ಚಮಚ ಕೊಟ್ಟರು. "ಬಾಯ್ಗೆ ನೀರ್ ಬುಡಪ್ಪ" ಎಂದರು. ಮಗ ಬಿಟ್ಟ. ಮಗಳು ಬಿಟ್ಟಳು. ಹೆಂಡತಿಯನ್ನು ಇಬ್ಬರು ಹಿಡಿದು ತಂದು ಬಿಡಿಸಿದರು. ನಾನು ಗೋಡೆಯ ಗಡಿಯಾರ ನೋಡುತ್ತಿದ್ದೆ. ಐವತ್ತು ಸೆಕೆಂಡು. ನೀರು ಕೆನ್ನೆಯ ಮೇಲೆ ಹರಿದು ಕಿವಿಗೆ ಇಳಿಯಿತು. ನರ್ಸ್ ಮತ್ತೆ ಒತ್ತತೊಡಗಿದರು. ಆತ ಬದುಕಲಿಲ್ಲ. ಹೊರಡುವಾಗ ಮಗ ಆ ನರ್ಸ್‌ನ ಕಾಲು ಮುಟ್ಟಿ ನಮಸ್ಕರಿಸಿದ.

ನಮ್ಮ ವಿಜಯಪುರದ ಕಡೆಯೂ ಸಾಯುವವರ ಬಾಯಿಗೆ ನೀರು ಬಿಡುತ್ತೇವೆ. ನನ್ನ ಅಜ್ಜನಿಗೆ ನಾನೂ ಬಿಟ್ಟಿದ್ದೇನೆ. ಆದರೆ ಅದು ಡಾಕ್ಟರು ಮನೆಗೆ ಕರೆದುಕೊಂಡು ಹೋಗಿ ಎಂದ ಮೇಲೆ, ಪಡಸಾಲೆಯಲ್ಲಿ, ಎಲ್ಲ ಮುಗಿದಿದೆ ಎಂದು ಗೊತ್ತಾದ ಮೇಲೆ. ಇಲ್ಲಿ ಈ ಆಸ್ಪತ್ರೆಯಲ್ಲಿ ಅದು ಚಿಕಿತ್ಸೆಯ ನಡುವೆಯೇ ಬರುತ್ತಿತ್ತು. ನೀರಿಲ್ಲದೆ ಕಳಿಸಿದರೆ ಮನೆಯವರು ಜನ್ಮವಿಡೀ ಕೊರಗುತ್ತಾರೆ, ಅದಕ್ಕೆ ಒಂದು ಗಳಿಗೆ ಜಾಗ ಬಿಟ್ಟುಕೊಡಬೇಕು ಎಂಬುದು ಇಲ್ಲಿನ ನರ್ಸ್‌ಗಳಿಗೆ ಯಾರೂ ಹೇಳಿಕೊಡದೆ ಬಂದ ಪಾಠ. ಅಂದು ಕೈ ತೆಗೆದವರು ಜಯಮ್ಮ. ರಾವಂದೂರು ಕಡೆಯ ಹಳ್ಳಿಯವರು, ಐವತ್ತರ ಸಮೀಪದ ವಿಧವೆ, ಇಪ್ಪತ್ತು ವರ್ಷದಿಂದ ಅದೇ ವಿಭಾಗದಲ್ಲಿ ಇದ್ದವರು.

ಆ ಐವತ್ತು ಸೆಕೆಂಡುಗಳನ್ನು ತೆಗೆದುಹಾಕುವುದೇ ನನ್ನ ಕೆಲಸವಾಗಿತ್ತು. ನಾನು ನರ್ಸಿಂಗ್‌ನಲ್ಲಿ ಎಂ.ಎಸ್ಸಿ. ಓದಿದವಳು. ನಿಂತ ಹೃದಯವನ್ನು ಮತ್ತೆ ನಡೆಸುವ ತುರ್ತು ಚಿಕಿತ್ಸೆಯನ್ನು ಆಟದ ಮೂಲಕ ಕಲಿಸಲು ಇಲ್ಲಿಯ ಖಾಸಗಿ ಆಸ್ಪತ್ರೆಯೊಂದು ನನ್ನನ್ನು ಕರೆಸಿಕೊಂಡಿತ್ತು.

ಮನೆ ಹುಡುಕಲು ಹನ್ನೊಂದು ದಿನ ಹಿಡಿಯಿತು. ನಮ್ಮಲ್ಲಿ ಬಾಡಿಗೆಗೆ ಬಂದವರನ್ನು ಮೊದಲು ಕೆಲಸ ಕೇಳುತ್ತಾರೆ, ಜಾತಿಯನ್ನು ಸುತ್ತುಬಳಸಿ ತಿಳಿದುಕೊಳ್ಳುತ್ತಾರೆ. ಇಲ್ಲಿ ಹೊಗೆಸೊಪ್ಪಿನ ವ್ಯಾಪಾರದ ಮನೆಯ ಗಂಗಮ್ಮನವರು ಬಾಗಿಲಲ್ಲೇ ಕೇಳಿದರು, "ನೀವು ಯಾವ ಜನ?" ನಾನು ಉತ್ತರ ಕೊಟ್ಟೆ. ಏನೆಂದು ಇಲ್ಲಿ ಬರೆಯುವುದಿಲ್ಲ. ಮಹಡಿಯ ಕೋಣೆ ಸಿಕ್ಕಿತು. ಬಟ್ಟೆ ಒಣಗಿಸುವ ತಂತಿ ಮಾತ್ರ ಬೇರೆ ಕಟ್ಟಿಕೊಳ್ಳಬೇಕೆಂದರು.

ಹೊಗೆಸೊಪ್ಪನ್ನು ಬೆಂಕಿಯ ಶಾಖದಲ್ಲಿ ಹದ ಮಾಡುವ ಎತ್ತರದ ಮನೆಗೆ ಇಲ್ಲಿ ಬ್ಯಾರನ್ ಎನ್ನುತ್ತಾರೆ. ಅದರ ವಾಸನೆ ನನ್ನ ದಿಂಬಿಗೂ ಹತ್ತಿತು. ಜೋಳದ ಹಿಟ್ಟು ಅಮ್ಮನಿಂದ ಬಸ್ಸಿನ ಪಾರ್ಸೆಲ್ಲಿನಲ್ಲಿ ಬರುತ್ತಿತ್ತು. ಮುದ್ದೆಯನ್ನು ಅಗಿಯದೆ ನುಂಗುವುದನ್ನು ಕಲಿಯುವವರೆಗೆ ಕ್ಯಾಂಟೀನಿನಲ್ಲಿ ನಾನು ತಮಾಷೆಯ ವಸ್ತು. ನನ್ನ ಮಾತು ಇನ್ನೊಂದು ತಮಾಷೆ. "ಮೇಡಂ, ಇನ್ನೊಂದ್ಸಲ 'ಏನ್ ಮಾಡಾಕತ್ತೀರಿ' ಅನ್ನಿ" ಎಂದು ಕಿರಿಯ ನರ್ಸ್ ಶ್ವೇತಾ ಊಟದ ಹೊತ್ತಿಗೆ ಗೋಗರೆಯುತ್ತಿದ್ದಳು. ನಾನು ಹಾಗೆಂದರೆ ಎಲ್ಲರೂ ನಗುವರು. ಭಾನುವಾರ ಬೈಲಕುಪ್ಪೆಗೆ ಹೋಗಿ ಬರುತ್ತಿದ್ದೆ. ಅಲ್ಲಿನ ಅಂಗಡಿಯ ಟಿಬೆಟನ್ ಹೆಂಗಸು "ಎಷ್ಟ್ ಬೇಕಕ್ಕಾ? ಬೇಗ ಯೋಳಿ" ಎಂದು ಈ ಸೀಮೆಯ ಕನ್ನಡವನ್ನು ನನಗಿಂತ ಸಲೀಸಾಗಿ ಆಡುತ್ತಿದ್ದಳು. ಅವಳು ಇಲ್ಲೇ ಹುಟ್ಟಿದವಳು. ಆದರೂ ತನ್ನೂರು ಇದಲ್ಲ ಎನ್ನುತ್ತಿದ್ದಳು. ನನಗೆ ಆ ಮಾತಿನಿಂದ ಸಮಾಧಾನವಾಗುತ್ತಿತ್ತು. ಅದು ಒಳ್ಳೆಯ ಸಮಾಧಾನವಲ್ಲ ಎಂಬುದೂ ಗೊತ್ತಿತ್ತು.

ಆಟದ ವಿಷಯ. ಎದೆಯೊಳಗೆ ಯಂತ್ರವಿರುವ ಒಂದು ಗೊಂಬೆ, ಅದಕ್ಕೆ ಜೋಡಿಸಿದ ಒಂದು ಟ್ಯಾಬ್. ಪರದೆಯಲ್ಲಿ ಒಬ್ಬ ಮನುಷ್ಯ ಕುಸಿದು ಬೀಳುತ್ತಾನೆ. ನೀವು ಗೊಂಬೆಯ ಎದೆಯನ್ನು ಸರಿಯಾದ ಆಳಕ್ಕೆ, ಸರಿಯಾದ ವೇಗದಲ್ಲಿ ಒತ್ತಬೇಕು. ಪರದೆಯಲ್ಲಿ ಹಸಿರು ಪಟ್ಟಿಯೊಂದು ಏರುತ್ತದೆ. ಕೈ ತೆಗೆದರೆ ಸರ್ರನೆ ಇಳಿಯುತ್ತದೆ. ನಡುವೆ ಮೂಲೆಯಲ್ಲಿ ಒಬ್ಬ ಹೆಂಗಸು ಬಂದು ಅಳುತ್ತಾಳೆ, ನಿಮ್ಮ ಗಮನ ತಪ್ಪಿಸಲೆಂದೇ. ಎಲ್ಲ ಹೆಜ್ಜೆಯೂ ಸರಿಯಿದ್ದರೆ ರೋಗಿ ಎದ್ದು ಕೂತು ಕೈ ಮುಗಿಯುತ್ತಾನೆ. ಇಲ್ಲದಿದ್ದರೆ ಪರದೆ ಕಪ್ಪಾಗುತ್ತದೆ. ವಾರದ ಅಂಕಪಟ್ಟಿಯನ್ನು ನಾನೇ ಡ್ಯೂಟಿ ಕೋಣೆಯ ಬಾಗಿಲಿಗೆ ಅಂಟಿಸುತ್ತಿದ್ದೆ. ಎರಡು ತಿಂಗಳಲ್ಲಿ ತೇರ್ಗಡೆಯಾಗದವರು ತುರ್ತು ವಿಭಾಗ ಬಿಟ್ಟು ಚೀಟಿ ಬರೆಯುವ ಕೌಂಟರಿಗೆ ಹೋಗಬೇಕೆಂದು ಆಡಳಿತದವರು ಹೇಳಿದ್ದರು.

ಜಯಮ್ಮನ ಹೆಸರು ಪ್ರತಿವಾರ ಕೊನೆಯಲ್ಲಿ. ಅಳುವ ಹೆಂಗಸು ಬಂದ ಕೂಡಲೇ ಅವರ ಕೈ ತಾನಾಗಿ ಮೇಲೇಳುತ್ತಿತ್ತು.

"ಜಯಕ್ಕ, ನಿಮ್ ಪೇಷೆಂಟು ಮತ್ತೆ ಒಂಟೋದ ಕಣ್ರೀ! ಗೊಂಬೆಗೂ ತಿಥಿ ಮಾಡುಸ್ಬುಡಿ" ಎಂದಳು ಶ್ವೇತಾ.

"ಸುಮ್ನಿರೇ, ನೀನ್ ಇಸ್ಕೂಲ್ಗೋಗಕ್ಕೆ ಮುಂಚೆ ನಾನ್ ಇಲ್ಲಿ ಎಣ ಎತ್ತಿವ್ನಿ" ಎಂದರು ಜಯಮ್ಮ. ನಗಲಿಲ್ಲ. ತುರ್ತು ವಿಭಾಗ ಅವರಿಗೆ ಕೆಲಸದ ಜಾಗ ಮಾತ್ರವಲ್ಲ. ರಾವಂದೂರು ಸುತ್ತಿನ ಹಳ್ಳಿಗಳವರು ಅವರು ಇದ್ದಾರೆಂದೇ ಈ ಆಸ್ಪತ್ರೆಗೆ ಬರುತ್ತಿದ್ದರು. ಚೀಟಿ ಬರೆಯುವ ಜಯಮ್ಮನನ್ನು ಯಾರು ಕೇಳುತ್ತಾರೆ?

ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ಅವರೊಬ್ಬರಿಗೇ ಕಲಿಸತೊಡಗಿದೆ. "ಹಂಗ ಕೈ ತಗೀಬ್ಯಾಡ್ರಿ" ಎಂದು ವಿವರಿಸಿದೆ. ಒತ್ತುತ್ತಾ ಹೋದಂತೆ ರಕ್ತ ಮಿದುಳಿಗೆ ಏರುತ್ತದೆ. ನಿಲ್ಲಿಸಿದ ಕೂಡಲೇ ಬೀಳುತ್ತದೆ. ಮತ್ತೆ ಮೊದಲಿನಿಂದ ಏರಿಸಬೇಕು. ಅದರ ಮೇಲೆ ಬಾಯಿಗೆ ಬಿಟ್ಟ ನೀರು ಶ್ವಾಸನಾಳಕ್ಕೆ ಹೋಗುತ್ತದೆ. ಅವರು ತಲೆ ತಗ್ಗಿಸಿ ಕೇಳಿದರು.

ಎರಡು ದಿನ ಬಿಟ್ಟು ಕೇಳಿದರು, "ಮೇಡಂ, ಇದ್ರಲ್ಲಿ ನಾವೇಳಿದ್ ಪೇಷೆಂಟ್ ಆಕ್ಬೋದಾ?"

"ಹಾಕಬಹುದ್ರಿ."

"ನಲವತ್ತೆರಡು ವಯಸ್ಸು, ಗಂಡಸು. ಎದೆನೋವು ಅಂತ ನಡ್ಕೊಂಡೇ ಬಂದ್ರು. ಇಲ್ಲಿ ಬಿದ್ರು."

ಹಾಕಿಕೊಟ್ಟೆ. ಅವರು ಒತ್ತಿದರು. ಅರ್ಧದಲ್ಲಿ ಬೇಕೆಂದೇ ಕೈ ತೆಗೆದು, ತುಟಿಯಲ್ಲೇ ಏನನ್ನೋ ಎಣಿಸಿ, ಮತ್ತೆ ಒತ್ತಿದರು. ಪರದೆ ಕಪ್ಪಾಯಿತು. ಎರಡನೆಯ ಸಲ ಕೈ ತೆಗೆಯದೆ ಒತ್ತಿದರು. ಮೂಲೆಯ ಹೆಂಗಸು ಅತ್ತಳು. ಅವರು ಅತ್ತ ನೋಡಲಿಲ್ಲ. ಆ ಮನುಷ್ಯ ಎದ್ದು ಕೂತು ಕೈ ಮುಗಿದ.

"ನಮ್ಮೆಜಮಾನ್ರು ಕಣ್ ಮೇಡಂ" ಎಂದರು ಜಯಮ್ಮ. "ಇದೇ ರೂಮಲ್ಲಿ. ನಾನೇ ಒತ್ತುತಿದ್ದೆ. ನಮ್ಮತ್ತೆ ನೀರು ನೀರು ಅಂತ ಅರ್ಚುದ್ರು. ನಾನೇ ನಿಲ್ಸಿ, ನನ್ನ ಕೈಯಾರೆ ಬುಟ್ಟೆ."

ಆಗ ನಾನು ಹೇಳಬೇಕಾದ ಒಂದು ಮಾತಿತ್ತು. ಈ ಆಟದಲ್ಲಿ ಎಲ್ಲ ಸರಿ ಮಾಡಿದರೆ ರೋಗಿ ಬದುಕಲೇಬೇಕು, ಕಲಿಯುವವರ ಉತ್ಸಾಹ ಉಳಿಯಲಿ ಎಂದು ಹಾಗೆ ಮಾಡಿದ್ದಾರೆ. ನಿಜದಲ್ಲಿ ಏನೂ ತಪ್ಪದೆ ಒತ್ತಿದರೂ ಬಹಳ ಜನ ಬದುಕುವುದಿಲ್ಲ. ನಿಮ್ಮ ಗಂಡ ಬದುಕುತ್ತಿದ್ದರೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಇದೆಲ್ಲ ನನ್ನ ಬಾಯಿಗೆ ಬಂದಿತ್ತು. ಆದರೆ ಅವರ ಅಂಕ ಮೊದಲ ಸಲ ತೇರ್ಗಡೆಯ ಗೆರೆ ದಾಟಿತ್ತು. ಅವರ ಕೈಗಳು ಮೊದಲ ಸಲ ಕದಲಿರಲಿಲ್ಲ. ನಾನು ಅಂಕ ಬರೆದುಕೊಂಡೆ.

ಮುಂದಿನ ವಾರಗಳಲ್ಲಿ ಅವರು ಊಟ ಬಿಟ್ಟು ಆಡಿದರು. ಪ್ರತಿಸಲವೂ ಅದೇ ನಲವತ್ತೆರಡರ ಗಂಡಸು. ಪ್ರತಿಸಲವೂ ಅವನನ್ನು ಬದುಕಿಸಿದರು. ಪಟ್ಟಿಯಲ್ಲಿ ಮೊದಲ ಹೆಸರು ಅವರದಾಯಿತು. ಆಡಳಿತದವರು ನನ್ನನ್ನು ಕರೆಸಿ ಹೊಗಳಿದರು. ಗಂಗಮ್ಮನವರ ತನಕ ಸುದ್ದಿ ಹೋಗಿ, ಮೊದಲ ಬಾರಿಗೆ ಕೆಳಗಿನಿಂದ ಬಸ್ಸಾರು ಕಳಿಸಿದರು. ಬೇಯಿಸಿದ ಕಾಳು ಸೊಪ್ಪಿನ ನೀರನ್ನು ಬಸಿದು ಮಾಡುವ ಸಾರು ಅದು. ಚೆನ್ನಾಗಿತ್ತು.

ಒಂದು ಮಂಗಳವಾರ ಬೆಳಿಗ್ಗೆ ಹನ್ನೊಂದಕ್ಕೆ ಗೂಡ್ಸ್ ಆಟೊದಲ್ಲಿ ಮಹದೇವನನ್ನು ತಂದರು. ಜಯಮ್ಮನ ಮನೆಯಿಂದ ಎರಡು ಮನೆ ಆಚೆಯವನು, ಮೂವತ್ತೊಂದು ವಯಸ್ಸು, ಹೊಲದಲ್ಲಿ ಎದೆ ಹಿಡಿದುಕೊಂಡು ಬಿದ್ದಿದ್ದ. ಅವನ ತಾಯಿ ಸೆರಗಿನಲ್ಲಿ ಚಮಚ ಕಟ್ಟಿಕೊಂಡೇ ಬಂದಿದ್ದಳು.

"ಜಯಿ, ಒಂದ್ ತೊಟ್ಟು ಬುಡ್ತೀನಿ ಕಣವ್ವ. ಒಂದೇ ತೊಟ್ಟು."

"ಈಗ್ ಬ್ಯಾಡ ಕಣಕ್ಕ" ಎಂದರು ಜಯಮ್ಮ, ಒತ್ತುತ್ತಲೇ. "ನಾನ್ ಬದುಕುಸ್ತೀನಿ. ಆಚೆ ಕರ್ಕಂಡೋಗ್ರಿ ಇವ್ರನ್ನ."

ಬದುಕಿಸುತ್ತೇನೆ ಎಂದು ಯಾವ ನರ್ಸ್ ಕೂಡ ಹೇಳುವುದಿಲ್ಲ. ಇಪ್ಪತ್ತು ವರ್ಷದಲ್ಲಿ ಅವರೂ ಎಂದೂ ಹೇಳಿರಲಾರರು.

ಶ್ವೇತಾ ಮತ್ತು ಅವರು ಎರಡೆರಡು ನಿಮಿಷಕ್ಕೆ ಬದಲಾಗುತ್ತಾ ನಲವತ್ತು ನಿಮಿಷ ಒತ್ತಿದರು. ಡಾಕ್ಟರು ಔಷಧಿ ಕೊಟ್ಟರು, ಶಾಕ್ ಕೊಟ್ಟರು. ನಾನು ಗಡಿಯಾರ ಹಿಡಿದಿದ್ದೆ. ಅಷ್ಟು ಶುದ್ಧವಾಗಿ ನಡೆದ ಪ್ರಯತ್ನವನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಕೊನೆಗೆ ಡಾಕ್ಟರು ಸಾಕು ಎಂದರು. ಜಯಮ್ಮ ಕೈ ಕೆಳಗಿಳಿಸಿ ಅವನ ಮುಖವನ್ನೇ ನೋಡುತ್ತಾ ನಿಂತರು, ಇನ್ನೇನೋ ಆಗಬೇಕಿದೆ ಎಂಬಂತೆ.

ಹೊರಗಿನಿಂದ ತಾಯಿಯ ದನಿ ಕಾರಿಡಾರಿನ ಉದ್ದಕ್ಕೂ ಕೇಳಿತು. "ಬದುಕುಸ್ತೀನಿ ಅಂದಲ್ಲೇ ಜಯಿ! ಬದುಕುಸ್ತೀನಿ ಅಂದು ನನ್ ಮಗನ್ ಬಾಯಿ ಒಣಗುಸ್ಬುಟ್ಟಲ್ಲೇ! ನಿನ್ನ ಗಂಡಂಗೆ ನೀನ್ ಬುಟ್ಟಿಲ್ವೇನೇ?"

ಜಯಮ್ಮ ಕೈಗವಸು ತೆಗೆಯದೆ ನನ್ನ ಕಡೆ ತಿರುಗಿದರು. "ಎಲ್ ತಪ್ಪಾಯ್ತು ಮೇಡಂ? ನಾನ್ ಕೈಯೇ ತೆಗೀಲಿಲ್ವಲ್ಲ?"

"ತಪ್ಪಾಗಿಲ್ರಿ. ಎಲ್ಲಾ ಸರಿ ಮಾಡಿದ್ರೂ ಒಮ್ಮೊಮ್ಮೆ ಹಿಂಗಾಗ್ತದ."

"ಆಟ್ದಲ್ಲಿ ಇಂಗಾಗಲ್ವಲ್ಲ."

"ಆಟದೊಳಗ ಇಲ್ಲ."

"ನಿಮ್ಗೆ ಗೊತ್ತಿತ್ತಾ?"

"ಗೊತ್ತಿತ್ತು."

ಅವರು ಕೈಗವಸು ಕಳಚಿದರು. ಆಮೇಲೆ ಮೆಲ್ಲಗೆ, "ಅಂಗಾದ್ರೆ ಒಂದೂವರೆ ತಿಂಗ್ಳು ನಾನ್ ನಮ್ಮೆಜಮಾನ್ರನ್ನ ಕೊಂದೋಳು ಅನ್ಕಂಡೇ ಮಲಿಕ್ಕಂಡೆ" ಎಂದರು. ಅದರಲ್ಲಿ ಪ್ರಶ್ನೆ ಇರಲಿಲ್ಲ.

ಮಹದೇವನ ಹನ್ನೊಂದನೆಯ ದಿನದ ಕಾರ್ಯಕ್ಕೆ ಜಯಮ್ಮನನ್ನು ಕರೆಯಲಿಲ್ಲ. ಬೀದಿಯ ನಲ್ಲಿಯ ಹತ್ತಿರ ಅವರು ಬಂದರೆ ಹೆಂಗಸರು ಕೊಡ ಎತ್ತಿಕೊಂಡು ಹೋಗುತ್ತಿದ್ದರಂತೆ. ತಿಂಗಳೊಳಗೆ ಅವರು ಕೆ.ಆರ್. ನಗರದ ಕಡೆ ಹೊಸ ಅಗ್ರಹಾರದಲ್ಲಿರುವ ತಂಗಿಯ ಮನೆಗೆ ಹೊರಟರು. ಅಲ್ಲೊಂದು ಸಣ್ಣ ಕ್ಲಿನಿಕ್ಕಿನಲ್ಲಿ ಬಿ.ಪಿ. ನೋಡುವ ಕೆಲಸ. ರಾಜೀನಾಮೆ ಕೊಡಲು ಬಂದ ದಿನ ನಾನು ಕ್ಷಮೆ ಕೇಳಿದೆ. ಅವರು ಕ್ಷಮಿಸಲಿಲ್ಲ, ಬೈಯಲೂ ಇಲ್ಲ.

"ನಿಮ್ಗೆ ಬ್ಯಾಸ್ರ ಆದ್ರೆ ನಿಮ್ಮೂರ್ಗೆ ಓಯ್ತೀರಿ ಮೇಡಂ" ಎಂದರು. "ನನ್ನೂರು ಇಲ್ಲೇ ಅದೆ. ನಾನ್ ಅಲ್ಗೆ ಓಗಂಗಿಲ್ಲ."

ನಾನು ಊರಿಗೆ ಹೋಗಿಲ್ಲ. ಆಟ ತಯಾರಿಸಿದವರಿಗೆ ಪತ್ರ ಬರೆದೆ. ಎಲ್ಲ ಸರಿ ಮಾಡಿದರೂ ರೋಗಿ ಸಾಯಬಹುದೆಂದು ಆಟದಲ್ಲಿ ಸೇರಿಸಿ ಎಂದು ಕೇಳಿದೆ. ಕಲಿಯುವವರು ಎದೆಗುಂದುತ್ತಾರೆ ಎಂದು ಉತ್ತರ ಬಂತು. ಈಗ ಆ ಮಾತನ್ನು ಮೊದಲ ತರಗತಿಯಲ್ಲಿ ನಾನೇ ಹೇಳುತ್ತೇನೆ. ಅಂಕಗಳು ಇಳಿದಿವೆ. ಆದರೂ ನೀರಿಗಾಗಿ ಕೈ ತೆಗೆಯಬೇಡಿ ಎಂದೇ ಕಲಿಸುತ್ತೇನೆ, ಏಕೆಂದರೆ ಕೈ ತೆಗೆದರೆ ರಕ್ತ ಬೀಳುತ್ತದೆ ಎಂಬುದೂ ನಿಜ.

ಗಂಗಮ್ಮನವರು ಬಂದವರಿಗೆಲ್ಲ ನನ್ನನ್ನು "ನಮ್ ಮೇಡಂ" ಎಂದು ತೋರಿಸುತ್ತಾರೆ. ನನ್ನ ಬಟ್ಟೆ ಈಗ ಅವರ ತಂತಿಯ ಮೇಲೆಯೇ ಒಣಗುತ್ತದೆ. ದೀಪಾವಳಿಗೆ ಹೋದಾಗ ಅಮ್ಮ ನನ್ನ ಮಾತು ಕೇಳಿ, "ಯಾವ ಸೀಮಿ ಮಾತ ಇದು?" ಎಂದು ನಕ್ಕಳು.

ಜಯಮ್ಮನ ಜಾಗಕ್ಕೆ ಇನ್ನೂ ಯಾರೂ ಬಂದಿಲ್ಲ. ವಾರಕ್ಕೆ ಮೂರು ದಿನ ನಾನೇ ನಿಲ್ಲುತ್ತೇನೆ. ರಾವಂದೂರು ಕಡೆಯಿಂದ ಸುದ್ದಿ ಗೊತ್ತಿಲ್ಲದವರು ಈಗಲೂ ಬರುತ್ತಾರೆ. ಮೊನ್ನೆ ಒಬ್ಬ ಮುದುಕ ಹೆಂಡತಿಯನ್ನು ತಂದು ಮಂಚದ ಮೇಲೆ ಮಲಗಿಸಿ, ಜಯಮ್ಮ ಎಲ್ಲಿ ಎಂದು ಕೇಳಿದ. ಕೆಲಸ ಬಿಟ್ಟರು ಎಂದೆ. ಅವನು ಕೋಣೆಯ ಸುತ್ತ ನೋಡಿದ. ಶ್ವೇತಾ ರಜೆಯಲ್ಲಿದ್ದಳು. ನಾನೊಬ್ಬಳೇ ಇದ್ದೆ.

"ನಮ್ಮೋರು ಯಾರೂ ಇಲ್ವಾ ಇಲ್ಲಿ?" ಎಂದ.

"ಇಲ್ಲ" ಎಂದು ಹೇಳಿ, ಅವನ ಹೆಂಡತಿಯ ನಾಡಿ ಹಿಡಿದೆ.